ನಮ್ಮ ಮನೆಯ ಮೀನಿನ ಪಾರಣೆ

ಗೆದ್ದವರು ತಮ್ಮ ಗೆಲುವಿನ ಕಥೆಯನ್ನು ತಾವೇ ಹೇಳಿಕೊಳ್ಳಬಾರದು, ಅದು ಶೋಭಿಸುವುದಿಲ್ಲ ಎಂದು ನಾನು ಶಾಲೆಯಲ್ಲಿ ಮಕ್ಕಳಿಗೆ ಹೇಳುತ್ತ ಬಂದಿದ್ದೇನೆ. ಹಾಗೆ ಹೇಳುವಾಗ ನನಗೆ ಗೆದ್ದು ಅಭ್ಯಾಸವಿರಲಿಲ್ಲ. ಸೋತವರ ಬಾಯಿಗೆ ಇಂಥ ನೀತಿಗಳು ತಾವಾಗಿಯೇ ಬರುತ್ತವೆ. ಈಗ ಜೀವಮಾನದಲ್ಲಿ ಒಮ್ಮೆ ನಾನೂ ಗೆದ್ದಿದ್ದೇನೆ, ಬೇರೆ ಯಾರಾದರೂ ಹೇಳಲಿ ಎಂದು ಕಾದರೆ ಕಥೆಯೇ ಹಳಸಿ ಹೋದೀತು. ನಾನು ಕಾಗವಾಡದ ಹೈಸ್ಕೂಲೊಂದರಲ್ಲಿ ಗಣಿತ ಕಲಿಸುವವಳು. ಶಾಲೆಯಲ್ಲಿ ನಾನು ಗಂಟಲು ಸರಿಮಾಡಿಕೊಂಡರೆ ಪಕ್ಕದ ವರ್ಗದ ಮಕ್ಕಳೂ ಸುಮ್ಮನಾಗುತ್ತಾರೆ. ಮನೆಯಲ್ಲಿ ಮಾತ್ರ ಕುಕ್ಕರು ಕೂಡ ನನ್ನ ಲೆಕ್ಕಕ್ಕೆ ಸೀಟಿ ಹೊಡೆಯುವುದಿಲ್ಲ. ಅಲ್ಲಿ ನಡೆಯುವುದು ನಮ್ಮ ಅತ್ತೆಯ ಮಾತು. ನನ್ನ ಗಂಡ ತಾಯಿಯನ್ನು ‘ಆಯಿ’ ಎಂದು ಕರೆದದ್ದು ಓಣಿಗೆಲ್ಲ ಹಬ್ಬಿ, ಹಾಲು ಹಾಕುವವನಿಂದ ಹಿಡಿದು ಬಸದಿಯ ಪಂಡಿತರವರೆಗೆ ಎಲ್ಲರಿಗೂ ಅವರು ಆಯಿಯೇ. ಎಪ್ಪತ್ತು ದಾಟಿದರೂ ನೆಟ್ಟಗೆ ನಿಲ್ಲುವ ಬೆನ್ನು, ಸೂರ್ಯ ಮುಳುಗಿದ ಮೇಲೆ ಒಂದು ಅಗುಳೂ ಒಳಗೆ ಬಿಡದ ಬಾಯಿ. ಇರುವೆ ಸಾಲು ಕಂಡರೆ ದಾರಿ ಬಿಟ್ಟು ಸುತ್ತು ಹಾಕಿ ಹೋಗುವ ಜೈನ ಮನೆತನದ ಹೆಂಗಸು. ಅಂಥ ಮನೆಯೊಳಗೆ ನಾನು ಮೀನು ತಂದು ಸಾಕಿದೆ ಎಂದರೆ ಅದರ ಹಿಂದೆ ಎಷ್ಟು ಬೆವರಿದೆ ಎಂದು ನೀವೇ ಊಹಿಸಿ.

ಎಲ್ಲ ಶುರುವಾದದ್ದು ನನ್ನ ಬಿಪಿಯಿಂದ. ನಮ್ಮ ಕಡೆ ಹಲ್ಲು ನೋಯಲಿ, ಮಂಡಿ ನೋಯಲಿ, ಮದುವೆಗೆ ಸೀರೆ ಬೇಕಾಗಲಿ, ಜನ ಬಸ್ಸು ಹತ್ತುವುದು ಮಿರಜಿಗೆ. ನಾನೂ ಹತ್ತಿದೆ. ಡಾಕ್ಟರರ ಹೊರಕೋಣೆಯಲ್ಲಿ ಬಹಳ ಹೊತ್ತು ಕೂತಿರಬೇಕಾಯಿತು. ಎದುರಿಗೆ ಗೋಡೆಯುದ್ದಕ್ಕೂ ಒಂದು ಅಕ್ವೇರಿಯಂ. ಹಸಿರು ಗಿಡ, ಗುಳುಗುಳು ಗುಳ್ಳೆ, ಯಾವ ಅವಸರವೂ ಇಲ್ಲದ ಮೀನು. ಅವುಗಳಲ್ಲಿ ಒಂದು ಗಾಜಿನ ಹತ್ತಿರ ಬಂದು ನನ್ನನ್ನೇ ನೋಡುತ್ತ ನಿಂತಿತು. ನಾನು ತಲೆ ಈ ಕಡೆ ವಾಲಿಸಿದರೆ ಅದೂ ಈ ಕಡೆ, ಆ ಕಡೆ ವಾಲಿಸಿದರೆ ಆ ಕಡೆ. ಇಷ್ಟು ಲಕ್ಷ್ಯಕೊಟ್ಟು ನನ್ನನ್ನು ನೋಡಿದವರು ಇತ್ತೀಚೆಗೆ ಯಾರೂ ಇರಲಿಲ್ಲ. ಒಳಗೆ ಹೋದಾಗ ಡಾಕ್ಟರರು ಪಟ್ಟಿ ಕಟ್ಟಿ, ಗಾಳಿ ಊದಿ, ಬಿಚ್ಚಿ, “ಅರೆ, ಇವತ್ತ ನಾರ್ಮಲ್ ಐತಲ್ಲ! ಗುಳಿಗಿ ಛಲೋ ಕೆಲಸ ಮಾಡ್ಯಾವ” ಅಂದರು. ಗುಳಿಗೆ ತೀರಿ ವಾರವಾಗಿತ್ತು. ತರಿಸಲು ಮರೆತಿದ್ದೆ. ಆ ಮಾತು ನಾನು ಅವರಿಗೆ ಹೇಳಲಿಲ್ಲ. ಬಸ್ಸಿನಲ್ಲಿ ಬರುತ್ತ ಮಾತ್ರ ನಿರ್ಧಾರ ಮಾಡಿಬಿಟ್ಟೆ: ನಮ್ಮ ಮನೆಗೂ ಒಂದು ಅಕ್ವೇರಿಯಂ ಬರಬೇಕು.

ಸಂಜೆ, ಹೊತ್ತು ಮುಳುಗುವ ಮೊದಲು ಅತ್ತೆಯ ಊಟ ಮುಗಿದು ಅವರು ಪ್ರಸನ್ನರಾಗಿರುವ ವೇಳೆ ನೋಡಿ ವಿಷಯ ತೆಗೆದೆ. ಅವರ ಪ್ರಸನ್ನತೆ ಅಲ್ಲಿಗೇ ಮುಗಿಯಿತು.

“ಹೊಳ್ಯಾಗ ಇರೂ ಜೀವ ತಂದು ಪೆಟಗ್ಯಾಗ ಹಾಕೂದು ಯಾವ ಧರ್ಮ?” ಅಂದರು.

“ಇವು ಹೊಳಿ ನೋಡಿದ ಮೀನ ಅಲ್ರಿ ಅತ್ತಿ. ತೊಟ್ಟ್ಯಾಗ ಹುಟ್ಟಿ ತೊಟ್ಟ್ಯಾಗ ಬೆಳದಂಥಾವು. ಜುಗೂಳದ ಹೊಳಿಗೆ ಬಿಟ್ರ ಸಂಜೀತನಕ ಉಳಿಯಂಗಿಲ್ಲ. ನಾವು ಸಾಕಿದ್ರ ಉಳೀತಾವ” ಅಂದೆ. ಈ ಮಾತನ್ನು ಬಸ್ಸಿನಲ್ಲೇ ಬಾಯಿಪಾಠ ಮಾಡಿಕೊಂಡಿದ್ದೆ.

ಅತ್ತೆ ನನ್ನ ಮುಖ ನೋಡಿದರು. ಉಳಿಸುವುದು ಎಂಬ ಮಾತು ಅವರಿಗೆ ನಾಟಿತ್ತು. ಆದರೂ ಅವರು ಸುಲಭಕ್ಕೆ ಒಪ್ಪುವವರಲ್ಲ. “ಈ ಮನ್ಯಾಗ ಗೊತ್ತಿದ್ದೂ ಒಂದ ಇರಿವಿ ತುಳದವರಿಲ್ಲ. ತರೂದಾದ್ರ ತಾ. ಆದ್ರ ನಿನ್ನ ಕೈಯಾಗ ಒಂದ ಜೀವ ಹೋತಂದ್ರ, ಆ ಕಾಚಿನ ಪೆಟಗಿ ಅವತ್ತ ಹೊರಗ!”

ನಮ್ಮ ಯಜಮಾನರು ಭರತೇಶ ಅಲ್ಲೇ ಕೂತು ಮೊಬೈಲು ತಿಕ್ಕುತ್ತಿದ್ದರು. ದ್ರಾಕ್ಷಿ ಬೆಳೆಗಾರರಿಗೆ ಹನಿ ನೀರಾವರಿಯ ಪೈಪು ಮಾರುವ ಅಂಗಡಿ ಅವರದು. ನೀವೇನಂತೀರಿ ಎಂದು ನಾವಿಬ್ಬರೂ ಒಮ್ಮೆಗೇ ಕೇಳಿದೆವು. “ನಾ ಪೈಪಿನ ಮನಶ್ಯಾ. ನೀರ ಎಲ್ಲಿ ಹೋಗಬೇಕ ಹೇಳ್ರಿ, ಒಯ್ದ ಮುಟ್ಟಸ್ತೀನಿ. ನೀರಾಗ ಯಾರ ಇರಬೇಕ ಅನ್ನೂದು ನಿಮ್ಮಿಬ್ಬರ ವಿಚಾರ” ಅಂದರು. ಮದುವೆಯಾದಂದಿನಿಂದ ಈ ಮನುಷ್ಯ ಇಂಥದೇ ಉತ್ತರಗಳಿಂದ ಸುಖವಾಗಿದ್ದಾರೆ.

ಮಿರಜಿನ ಮೀನಿನ ಅಂಗಡಿಯವನು ಮರಾಠಿ ಮತ್ತು ಕನ್ನಡವನ್ನು ಒಂದೇ ತಟ್ಟೆಯಲ್ಲಿ ಕಲಸಿ ಬಡಿಸುವವನು. ನಾನು ದೊಡ್ಡ ಗಾಜಿನ ತೊಟ್ಟಿ, ಗಾಳಿಯ ಪಂಪು, ಫಿಲ್ಟರು, ಉರುಟು ಕಲ್ಲು ಎಲ್ಲ ಆರಿಸಿ, ಇನ್ನು ಮೀನು ಕೊಡಿ ಅಂದೆ. “ಅಹೋ ಮ್ಯಾಡಮ್, ಮೀನ ಈಗ ಕೊಡಂಗಿಲ್ಲ” ಅಂದ. ಗಿರಾಕಿ ದುಡ್ಡು ಹಿಡಿದು ನಿಂತಾಗ ಕೊಡುವುದಿಲ್ಲ ಎನ್ನುವ ಅಂಗಡಿಕಾರನನ್ನು ನಾನು ನೋಡಿರಲಿಲ್ಲ. ಹೊಸ ತೊಟ್ಟಿಯ ನೀರು ಹಸಿಯಂತೆ. ನೀರು ತುಂಬಿ, ಫಿಲ್ಟರು ಹಚ್ಚಿ, ಕೆಲವು ವಾರ ಹಾಗೇ ಬಿಡಬೇಕಂತೆ. ಆಗ ಕಣ್ಣಿಗೆ ಕಾಣದ ಒಳ್ಳೆಯ ಜಂತುಗಳು ಅದರಲ್ಲಿ ಮನೆ ಮಾಡಿ, ಮುಂದೆ ಮೀನಿನ ಹೊಲಸನ್ನು ತಿಂದು ನೀರನ್ನು ಕಾಯುತ್ತವಂತೆ. “ಮೊಸರಿಗೆ ಹೆಪ್ಪ ಹಾಕಿ ಕೂಡತೀವಲ್ಲ, ಹಂಗ. ತಸಾಚ್” ಎಂದು ತಿಳಿಹೇಳಿದ. ಒಂದು ಮೀನು ಸತ್ತರೂ ತೊಟ್ಟಿ ಬೀದಿಗೆ ಬೀಳುವ ಪರಿಸ್ಥಿತಿ ನನ್ನದು. ಮರುಮಾತಾಡದೆ ಒಪ್ಪಿದೆ.

ತೊಟ್ಟಿಗೆ ಕಲ್ಲು ನೀರು ತುಂಬಿದರೆ ಎರಡು ಚೀಲ ಜೋಳಕ್ಕಿಂತ ಹೆಚ್ಚು ಭಾರ. ಶೋಕೇಸಿನ ಮೇಲೆ ಇಡಲು ಹೋದಾಗ ಶೋಕೇಸು ನರಳಿತು. ಭರತೇಶ ಅವರು ಕಬ್ಬಿನ ಟ್ರ್ಯಾಲಿ ಕಟ್ಟುವ ವೆಲ್ಡಿಂಗ್ ಅಂಗಡಿಗೆ ಹೋಗಿ ಒಂದು ಸ್ಟ್ಯಾಂಡು ಮಾಡಿಸಿ ತಂದರು. ಟ್ರ್ಯಾಲಿ ಕಟ್ಟುವವರಿಗೆ ಸಣ್ಣ ಅಳತೆ ಗೊತ್ತಿಲ್ಲ. ಅದರ ಮೇಲೆ ಅಕ್ವೇರಿಯಂ ಇಟ್ಟು, ಬೇಕಾದರೆ ಒಂದು ಎಮ್ಮೆಯನ್ನೂ ನಿಲ್ಲಿಸಬಹುದಿತ್ತು. ನೀರಿನ ಜವಾಬ್ದಾರಿಯನ್ನು ಅತ್ತೆ ನನಗೆ ಬಿಡಲಿಲ್ಲ. ಕುಡಿಯುವ ನೀರನ್ನು ಎರಡು ಮಡಿಕೆ ಅರಿವೆಯಲ್ಲಿ ಸೋಸಿಯೇ ಬಳಸುವವರು ಅವರು. ಮೀನಿಗೂ ಅದೇ ನೇಮ. ನಳದ ನೀರನ್ನು ಬಕೆಟ್ಟಿನಲ್ಲಿ ಒಂದು ದಿನ ತೆರೆದಿಟ್ಟು, ಅದರ ಔಷಧದ ವಾಸನೆ ಹೋದ ಮೇಲೆ, ಅರಿವೆ ಹಿಡಿದು ಸೋಸಿ ಸೋಸಿ ತೊಟ್ಟಿ ತುಂಬಿಸಿದರು. ತಾವು ಈ ವ್ಯವಹಾರಕ್ಕೆ ವಿರೋಧಿ ಎಂಬುದನ್ನು ಮಾತ್ರ ಪ್ರತಿ ಬಕೆಟ್ಟಿಗೂ ಒಮ್ಮೆ ನೆನಪಿಸಿದರು.

ಆಮೇಲೆ ಬಂದವು ನೋಡಿ ನನ್ನ ಅವಮಾನದ ದಿನಗಳು. ಗಣಿತದ ಟೀಚರ ಮನೆಗೆ ಅಕ್ವೇರಿಯಂ ಬಂದಿದೆ ಎಂಬ ಸುದ್ದಿ ಹಬ್ಬಿ ಜನ ನೋಡಲು ಬರತೊಡಗಿದರು. ಬಂದು ನೋಡಿದರೆ ನೀರು. ಬಣ್ಣದ ದೀಪ ಹಚ್ಚಿ, ಗುಳ್ಳೆ ಬಿಟ್ಟು, ಬರೀ ನೀರು. ಪಕ್ಕದ ಮನೆಯ ಸುನಂದಾ ವೈನಿಯಂತೂ ಗಾಜಿಗೆ ಮೂಗು ಹಚ್ಚಿ ಕಲ್ಲುಗಳ ಸಂದಿಯನ್ನೆಲ್ಲ ಹುಡುಕಿದರು. “ಮೀನ ಎಲ್ಲಿ ಅದಾವ್ರಿ?” “ಬರ್ತಾವ್ರಿ ವೈನಿ.” “ಎಲ್ಲಿಂದ ಬರ್ತಾವ?” ನೀರಿನಿಂದ ತಾವೇ ಹುಟ್ಟಿ ಬರುತ್ತವೆ ಎಂದು ನಾನು ನಂಬಿ ಕೂತಿದ್ದೇನೆ ಎಂದು ಅವರು ತಿಳಿದಂತಿತ್ತು. ಮರುದಿನ ಶಾಲೆಯಲ್ಲೂ ಸಹೋದ್ಯೋಗಿಗಳು, “ಮೀನ ಎಕ್ಸ್ ಅಂತ ಹಿಡದೀರೇನ್ರಿ ಟೀಚರ್?” ಎಂದು ಕೇಳಿದರು. ನಡುವೆ ನೀರು ಮಜ್ಜಿಗೆಯಂತೆ ಬೆಳ್ಳಗಾಯಿತು. ಎಲ್ಲ ಚೆಲ್ಲಿ, ತಿಕ್ಕಿ ತೊಳೆಯಿರಿ ಎಂದು ಓಣಿಯ ಹೆಂಗಸರ ಒಮ್ಮತದ ಸಲಹೆ. ನಮ್ಮ ಕಡೆ ಏನೇ ಕೆಟ್ಟರೂ ತಿಕ್ಕಿ ತೊಳೆಯುವುದೇ ಮದ್ದು. ನಾನು ಅಂಗಡಿಯವನ ಮಾತು ನೆನೆದು ಕೈ ಕಟ್ಟಿ ಕೂತೆ. ಏನೂ ಮಾಡದೆ ಕೂಡುವುದು ಎಷ್ಟು ಕಷ್ಟದ ಕೆಲಸ ಎಂದು ನನಗೆ ಆಗ ತಿಳಿಯಿತು. ಒಂದು ಬೆಳಿಗ್ಗೆ ಎದ್ದು ನೋಡಿದರೆ ನೀರು ತಿಳಿಯಾಗಿ, ಆಚೆಗಿನ ಗೋಡೆಯ ಕ್ಯಾಲೆಂಡರಿನ ತಿಥಿ ಕೂಡ ಓದುವಂತಿತ್ತು. ನನ್ನ ಮೊದಲ ಗೆಲುವು ಅದು. ನೋಡಲು ಯಾರೂ ಇರಲಿಲ್ಲ, ಒಬ್ಬಳೇ ಒಂದು ಕಪ್ ಚಹಾ ಹೆಚ್ಚಿಗೆ ಕುಡಿದೆ.

ಆಮೇಲೆ ಬಂದವು ನಾಲ್ಕು ಗೋಲ್ಡ್ ಫಿಶ್. ಪ್ಲಾಸ್ಟಿಕ್ ಚೀಲದಲ್ಲಿ ಮಡಿಲ ಕೂಸಿನಂತೆ ಹಿಡಿದುಕೊಂಡು ಬಂದೆ. ಅತ್ತೆ, “ನಾ ಅವನ್ನ ನೋಡಂಗಿಲ್ಲ” ಎಂದು ತೊಟ್ಟಿಗೆ ಬೆನ್ನು ಮಾಡಿ ಕುರ್ಚಿ ಹಾಕಿಕೊಂಡರು. ಎರಡು ದಿನದಲ್ಲಿ ಕುರ್ಚಿ ಅಡ್ಡಾಯಿತು. ವಾರದಲ್ಲಿ ಪೂರ್ತಿ ತಿರುಗಿತು. ನಾಲ್ಕರಲ್ಲಿ ಒಂದು ದೊಡ್ಡ ಹೊಟ್ಟೆಯದು, ಕೇಸರಿ ಬಣ್ಣ, ಧೋತರದ ಚುಂಗಿನಂತೆ ಎರಡು ಸೀಳಿನ ಬಾಲ. ಉಳಿದವು ದಾರಿ ಬಿಟ್ಟ ಮೇಲೆಯೇ ಮುಂದೆ ಹೋಗುವ ಗತ್ತು. “ಗೌಡ ಬಂದ ನೋಡು” ಅಂದರು ಅತ್ತೆ ಒಂದು ದಿನ, ಬಾಯಿ ತಪ್ಪಿ. ಹೆಸರಿಟ್ಟ ಮೇಲೆ ಮುಗಿಯಿತು. ಹೆಸರಿಟ್ಟ ಜೀವವನ್ನು ನೋಡುವುದಿಲ್ಲ ಎನ್ನಲು ಬರುವುದಿಲ್ಲ.

ಆದರೆ ಪ್ರೀತಿ ಬಂದ ಹಿಂದೆಯೇ ವಿಚಾರಣೆಯೂ ಬಂತು. ಮೀನಿನ ಆಹಾರದ ಡಬ್ಬಿ ಹಿಡಿದುಕೊಂಡು ಅತ್ತೆ, “ಇದರಾಗ ಏನೇನ ಹಾಕ್ಯಾರ, ಓದು” ಅಂದರು. ಬರೆದದ್ದು ಇಂಗ್ಲಿಷಿನಲ್ಲಿ. ನಾನು ಗೋಧಿ ಹಿಟ್ಟು ಎಂದು ಶುರು ಮಾಡಿದೆ. “ಮೊದಲಿಂದ ಓದು” ಅಂದರು. ಅವರಿಗೆ ಇಂಗ್ಲಿಷ್ ಬರುವುದಿಲ್ಲ, ನನ್ನ ಮುಖ ಬರುತ್ತದೆ. ಮೊದಲ ಹೆಸರು ಮೀನಿನ ಪುಡಿ, ಎರಡನೆಯದು ಸಿಗಡಿ. ಓದಿದೆ.

“ಮೀನಿಗೆ ಮೀನ ತಿನಸಾಕತ್ತೀ? ಈ ಮನ್ಯಾಗ?”

ಡಬ್ಬಿ ಹೊರಗೆ ಹೋಯಿತು. ನಾನು ಮಿರಜಿಗೆ ಓಡಿದೆ. ಸಂಪೂರ್ಣ ಶಾಕಾಹಾರದ ಮೀನಿನ ತಿನಿಸು ಬೇಕು ಎಂದಾಗ ಅಂಗಡಿಯವನು ನಕ್ಕು ನಕ್ಕು ಸ್ಟೂಲಿನ ಮೇಲೆ ಕೂತ. “ಗಿರಾಕಿ ಬಣ್ಣ ಕೇಳ್ತಾರ, ಸೈಜ್ ಕೇಳ್ತಾರ. ಪ್ಯೂರ್ ವೆಜ್ ಐತೇನು ಅಂತ ಕೇಳಿದವರು ನೀವ ಮೊದಲ, ಮ್ಯಾಡಮ್.” ನಗು ಮುಗಿದ ಮೇಲೆ ಯೋಚಿಸಿದ. ಗೋಲ್ಡ್ ಫಿಶ್ ತಪ್ಪಲು ತಿನ್ನುವ ಜಾತಿಯೇ, ಬೇಯಿಸಿದ ಪಾಲಕ, ಸೌತೆಕಾಯಿ ಕೊಡಬಹುದು ಅಂದ. ಪಾಚಿಯಿಂದ ಮಾಡಿದ ಹಸಿರು ಕಾಳಿನ ಒಂದು ಡಬ್ಬಿಯನ್ನೂ ಹುಡುಕಿಕೊಟ್ಟ. “ಪಾಚಿ ನಾವ ತಿನ್ನಂಗಿಲ್ಲ, ಅವು ತಿನ್ನಲಿ” ಎಂದು ಅತ್ತೆ ಅಪ್ಪಣೆ ಕೊಟ್ಟರು. ಅಲ್ಲಿಂದ ಮೀನಿನ ಊಟದ ಖಾತೆ ಅವರ ಕೈಗೆ ಹೋಯಿತು. ನೆಲದಡಿ ಬೆಳೆಯುವುದು ಯಾವುದೂ ಇಲ್ಲ. ಗಜ್ಜರಿ ತಿಂದರೆ ಬಣ್ಣ ಏರುತ್ತದೆ ಎಂದರೂ ಇಲ್ಲ. ದಿನಕ್ಕೆ ಒಂದೇ ಹೊತ್ತು, ಹೊತ್ತು ಮುಳುಗುವ ಮೊದಲು. ಅಷ್ಟಮಿ ಚತುರ್ದಶಿಗೆ ಉಪವಾಸ. ಮೀನುಗಳ ಆತ್ಮಕ್ಕೆ ಇದರಿಂದ ಏನು ಲಾಭವಾಯಿತೋ ನಾನರಿಯೆ, ನೀರು ಮಾತ್ರ ಕನ್ನಡಿಯಂತೆ ಉಳಿಯಿತು. ಹೆಚ್ಚು ತಿನಿಸುವುದರಿಂದಲೇ ಮನೆಗಳಲ್ಲಿ ಮೀನು ಸಾಯುವುದು ಎಂದು ಎಲ್ಲ ಕಡೆ ಬರೆದಿರುತ್ತಾರೆ. ವಾರಕ್ಕೊಮ್ಮೆ ಮೂರರಲ್ಲಿ ಒಂದು ಪಾಲು ನೀರು ಬದಲಿಸುವುದು ನನ್ನ ಕೆಲಸ. ತೆಗೆದ ನೀರು ಕುಡಿದ ದಾಸವಾಳ ಗಿಡ ಹಿಂದೆಂದೂ ಬಿಡದಷ್ಟು ಹೂ ಬಿಟ್ಟಿತು. ಬಿಪಿ ನೋಡಿಸಿಕೊಳ್ಳಲು ನನಗೆ ಪುರುಸೊತ್ತೇ ಆಗಲಿಲ್ಲ.

ಹೀಗೆ ಎಲ್ಲ ಸುರಳೀತ ನಡೆದಿರುವಾಗ ಭಾದ್ರಪದ ಬಂತು. ನಮ್ಮಲ್ಲಿ ಅದು ದಶಲಕ್ಷಣ ಪರ್ವದ ಕಾಲ. ಹತ್ತು ದಿನ ಪೂಜೆ, ನೇಮ, ಉಪವಾಸ. ಅತ್ತೆ ಕೊನೆಯ ದಿನವಾದ ಅನಂತ ಚತುರ್ದಶಿಗೆ ನೀರೂ ಮುಟ್ಟದ ಉಪವಾಸ ಹಿಡಿಯುವವರು. ಹೊರಗೆ ಹಟ ಹಿಡಿದ ಮಳೆ, ಕೃಷ್ಣೆ ದಡದವರೆಗೆ ತುಂಬಿ, ಶಾಲೆಗೆ ರಜೆ ಕೊಟ್ಟಿದ್ದರು. ಚತುರ್ದಶಿಯ ಹಿಂದಿನ ದಿನ ಬೆಳಿಗ್ಗೆ, ಅತ್ತೆ ಬಸದಿಗೆ ಹೋದ ಮೇಲೆ ತೊಟ್ಟಿಯ ದೀಪ ಹಚ್ಚಿದೆ. ಗೌಡ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದ.

ಬಗ್ಗಿ ನೋಡಿದೆ. ಕಿವಿರು ಆಡುತ್ತಿತ್ತು, ಜೀವವಿತ್ತು. ತಿರುಗಲು ಒದ್ದಾಡುತ್ತಿದ್ದ, ಬೆಂಡಿನ ಚೂರಿನಂತೆ ಮತ್ತೆ ಮಗುಚಿಕೊಳ್ಳುತ್ತಿದ್ದ. ಫೋಟೋ ತೆಗೆದು ಅಂಗಡಿಯವನಿಗೆ ಕಳಿಸಿ, ಫೋನು ಹಚ್ಚಿ ಅತ್ತೆಯ ಕರಾರನ್ನೂ ಹೇಳಿದೆ. “ಇದು ಉಳಿಯೂದು ಕಠಿಣ ಐತ್ರಿ ಮ್ಯಾಡಮ್. ಚಿಂತಿ ಮಾಡಬ್ಯಾಡ್ರಿ. ಇದರಂಥಾದ ಇನ್ನೊಂದ ಐತಿ, ಅದ ಬಣ್ಣ, ಅದ ಬಾಲ. ತಗೊಂಡ ಹೋಗ್ರಿ. ಆಯಿಗೆ ಗೊತ್ತಾಗಂಗಿಲ್ಲ” ಅಂದ.

ನಾನು ಬಾಯಿ ತೆರೆಯುವ ಮೊದಲೇ, ಫೋನಿನ ಮಾತು ಕೇಳಿಸಿಕೊಂಡ ಭರತೇಶ ಅವರು ಮಳೆಯ ಕೋಟು ಹಾಕಿಕೊಂಡು ಗಾಡಿಯ ಕೀಲಿ ಹಿಡಿದು ನಿಂತಿದ್ದರು. “ನಾ ಹೋಗಿ ತರ್ತೀನಿ. ಆಯಿ ಬರೂದ್ರಾಗ ಬಂದಬಿಡ್ತೀನಿ.” ಕಳಿಸಿದರೆ ಓಣಿಯ ಮೂಲೆಯ ಅಂಗಡಿಗೂ ಹೋಗದ ಮನುಷ್ಯ, ಈ ಮಳೆಯಲ್ಲಿ ಮಿರಜಿಗೆ? ಮೂವತ್ತು ಮಕ್ಕಳಲ್ಲಿ ನಕಲು ಹೊಡೆದವನನ್ನು ಕಣ್ಣಿನಿಂದಲೇ ಹಿಡಿಯುವವಳು ನಾನು. “ಏನ ತಿನಿಸೀರಿ ಅದಕ್ಕ?” ಅಂದೆ.

ಸ್ವಲ್ಪ ಹೊತ್ತು ಕೀಲಿ ಆಡಿಸಿದರು. “ಚುರಮುರಿ” ಅಂದರು. “ಅಂಗಡಿಯಿಂದ ಬಂದ ಕೂಡ್ಲೆ ಅವು ಗಾಜಿನ ಕಡೆ ಓಡಿ ಬರ್ತಾವ. ಬಾಯಿ ತಗದ ತಗದ ಕೇಳ್ತಾವ. ಮನ್ಯಾಗ ನಾ ಬಂದದ್ದಕ್ಕ ಅಷ್ಟ ಖುಷಿ ಪಡೂವ್ರು ಯಾರ ಅದಾರ ಹೇಳು? ನಾಕ ಕಾಳ ಹಾಕ್ತಿದ್ನಿ. ಗೌಡ ಒಬ್ಬನ ಎಲ್ಲಾ ತಿಂದಬಿಡ್ತಿದ್ದ.”

ಸಿಟ್ಟು ಬಂತು, ಅದರ ಬೆನ್ನಿಗೇ ಏನೋ ಒಂದು ಥರ ಆಯಿತು. ಈಗ ಅದಕ್ಕೆಲ್ಲ ವೇಳೆಯಿರಲಿಲ್ಲ. ಹೊಸ ಮೀನು ತಂದರೆ ತೊಟ್ಟಿ ಉಳಿಯುತ್ತದೆ, ಪರ್ವದಲ್ಲಿ ಅತ್ತೆಯ ಮನಸ್ಸೂ ನೋಯುವುದಿಲ್ಲ. ಎರಡೂ ಲಾಭವೇ. ಆದರೆ ತೊಟ್ಟಿಯಲ್ಲಿ ಗೌಡ ಇನ್ನೂ ಈಜಲು ನೋಡುತ್ತಿದ್ದ. ಅವನನ್ನು ಏನು ಮಾಡುವುದು? ಉಸಿರಿರುವಾಗಲೇ ಎತ್ತಿ ಹೊರಗೆ ಹಾಕಿ, ಅವನ ಹೆಸರನ್ನು ಇನ್ನೊಂದಕ್ಕೆ ಕೊಡುವುದೇ? “ಕೋಟ ತಗೀರಿ. ಅತ್ತಿಗೆ ನಾ ಹೇಳ್ತೀನಿ” ಅಂದೆ.

ಅತ್ತೆ ಬಂದರು. ಕಾಲು ತೊಳೆದು ಒಳಗೆ ಬರುವಷ್ಟರಲ್ಲಿ ನಾನು ಎಲ್ಲ ಹೇಳಿಬಿಟ್ಟೆ. ಚುರಮುರಿ, ಫೋನು, ಅದೇ ಬಣ್ಣದ ಇನ್ನೊಂದು ಮೀನು, ಎಲ್ಲವನ್ನೂ. ಕೊನೆಗೆ, “ಪೆಟಗಿ ಹೊರಗ ಇಡ್ತೀನ್ರಿ ಅತ್ತಿ” ಅಂದೆ. ಅವರು ಬಗ್ಗಿ ಗೌಡನನ್ನು ನೋಡಿದರು.

“ಜೀವ ಹೋಗಿಲ್ಲಲ್ಲ?”

“ಇಲ್ರಿ.”

“ಮತ್ತ ಈಗಿಂದ ಹೆಣ ಎತ್ತೂ ಮಾತ ಯಾಕ?” ಎಂದು ಸೆರಗು ಸೊಂಟಕ್ಕೆ ಸಿಕ್ಕಿಸಿದರು. “ಹೊಟ್ಟಿ ಉಬ್ಬೇತಿ ನೋಡು. ಕೂಸಿನ ಹೊಟ್ಟಿ ಉಬ್ಬಿದ್ರ ಏನ ಮಾಡ್ತೀವಿ? ಲಂಘಣ ಹಾಕ್ತೀವಿ. ಇದಕ್ಕೂ ಹಾಕು.” ಅಷ್ಟರಲ್ಲಿ ನಾನು ಮೊಬೈಲಿನಲ್ಲಿ ಹುಡುಕಿದ್ದೆ. ಅದರಲ್ಲೂ ಇದ್ದದ್ದು ಅದೇ: ಒಂದೆರಡು ದಿನ ಏನೂ ತಿನಿಸಬೇಡಿ, ಆಮೇಲೆ ಸಿಪ್ಪೆ ತೆಗೆದು ಬೇಯಿಸಿದ ವಟಾಣಿ ಕೊಡಿ, ನೀರಿನ ಮಟ್ಟ ಇಳಿಸಿ. ನಮ್ಮ ಮನೆಯಲ್ಲಿ ಅತ್ತೆ ಮತ್ತು ಮೊಬೈಲು ಒಂದೇ ಮಾತು ಹೇಳಿದ್ದು ಅದೇ ಮೊದಲು. ನನಗೆ ಧೈರ್ಯ ಬಂತು. ನೀರು ಅರ್ಧಕ್ಕೆ ಇಳಿಸಿ ದೀಪ ಆರಿಸಿದೆ.

ಚತುರ್ದಶಿಯ ದಿನ ಅತ್ತೆಗೂ ಉಪವಾಸ, ಗೌಡನಿಗೂ ಉಪವಾಸ. ಬಸದಿಯ ಪೂಜೆ ಮುಗಿಸಿ ಬಂದ ಅತ್ತೆ ತೊಟ್ಟಿಯೆದುರೇ ಕೂತು ಜಪಮಣಿ ಹಿಡಿದರು. ಆಗ ಕರೆಂಟು ಹೋಯಿತು. ಗಾಳಿಯ ಪಂಪು ನಿಂತು ಗುಳ್ಳೆ ನಿಂತಿತು. ಮೊದಲೇ ಸೋತ ಜೀವ, ಇಳಿಸಿದ ನೀರು. ಉಳಿದ ಮೂರೂ ಮೀನು ಮೇಲಕ್ಕೆ ಬಂದು ಬಾಯಿ ಬಡಿಯತೊಡಗಿದವು. ಭರತೇಶ ಅವರು ತಂಬಿಗೆ ತಂದರು. ತೊಟ್ಟಿಯ ನೀರನ್ನೇ ಮೊಗೆದು, ಎತ್ತರದಿಂದ ಸಣ್ಣಗೆ ಧಾರೆಯಾಗಿ ಬಿಟ್ಟರೆ ಅದರೊಡನೆ ಗಾಳಿ ಒಳಗೆ ಹೋಗುತ್ತದೆ. ನೀರನ್ನು ಮುಟ್ಟಿಸುವ ವಿದ್ಯೆ ಅವರದೇ ತಾನೇ? ಅವರ ಕೈ ಸೋತಾಗ ನಾನು, ನನ್ನ ಕೈ ಸೋತಾಗ ಅವರು. ನಡುವೆ ಅತ್ತೆ ಎದ್ದು, ಬೇಡ ಎಂದರೂ ಕೇಳದೆ ತಂಬಿಗೆ ಇಸಿದುಕೊಂಡು ಣಮೋಕಾರ ಮಂತ್ರ ಹೇಳುತ್ತ ಧಾರೆ ಬಿಡತೊಡಗಿದರು. ಅದೇ ಹೊತ್ತಿಗೆ ಸುನಂದಾ ವೈನಿ ಬಂದರು. ಮಡಿ ಸೀರೆ ಉಟ್ಟ ಅತ್ತೆ, ಬಾಯಲ್ಲಿ ಮಂತ್ರ, ಕೈಯಲ್ಲಿ ತಂಬಿಗೆ, ಪಕ್ಕದಲ್ಲಿ ಕೈಕಟ್ಟಿ ನಿಂತ ಮಗ ಸೊಸೆ. ವೈನಿ ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟು ಕೈ ಮುಗಿದು, ಮೆಲ್ಲಗೆ ನನ್ನ ಕಿವಿಯಲ್ಲಿ, “ಮೀನಿಗೂ ಅಭಿಷೇಕ ಮಾಡ್ತಾರೇನ್ರಿ ನಿಮ್ಮಾಗ?” ಅಂದರು. ನಗಲು ಯಾರಿಗೂ ತ್ರಾಣವಿರಲಿಲ್ಲ. ವಿಷಯ ತಿಳಿದ ಮೇಲೆ ವೈನಿ ತಾವೂ ಸೆರಗು ಕಟ್ಟಿ ಧಾರೆಗೆ ನಿಂತರು. ಸಂಜೆಗೆ ಕರೆಂಟು ಬಂತು.

ಮರುದಿನ ಬೆಳಿಗ್ಗೆ ಪಾರಣೆ. ಉಪವಾಸ ಬಿಡುವ ಹೊತ್ತು. ಹೆಸರುಬೇಳೆಯ ಕಟ್ಟು ಮಾಡಿ, ಬಿಸಿನೀರು ಇಟ್ಟು, ಅತ್ತೆಯ ಮುಂದೆ ಮಣೆ ಹಾಕಿದೆ. ಅವರ ತುಟಿ ಒಣಗಿ ಬಿಳುಪಾಗಿತ್ತು, ಧ್ವನಿ ಇಳಿದಿತ್ತು. ಮಣೆಯ ಮೇಲೆ ಕೂತರು, ಲೋಟ ಮುಟ್ಟಲಿಲ್ಲ.

“ಮೊದಲ ಅದಕ್ಕ ಕೊಡು.”

“ಆಯಿ, ಒಂದ ಗುಟುಕ ನೀರ ಕುಡಿಬೇ” ಅಂದರು ಭರತೇಶ.

“ಅದೂ ನನ್ನ ಜೋಡಿ ಉಪವಾಸ ಮಾಡೇತಿ. ಒಂದ ಮನ್ಯಾಗ ಒಬ್ಬರನ ಬಿಟ್ಟ ಒಬ್ಬರ ಪಾರಣಿ ಮಾಡ್ತಾರೇನು?”

ಈಗ ಇಬ್ಬರ ಜೀವವೂ ನನ್ನ ಬೆರಳ ತುದಿಗೆ ಬಂತು. ನೆನೆಸಿ ಬೇಯಿಸಿದ ವಟಾಣಿಯ ಸಿಪ್ಪೆ ಸುಲಿದು, ಚೂರು ಮಾಡಿ, ನೀರಿನೊಳಗೆ ಕೈಯಿಟ್ಟು ಗೌಡನ ಬಾಯಿಗೆ ಹಿಡಿದೆ. ತಿರುಗಿ ನೋಡಲಿಲ್ಲ. ಮತ್ತೆ ಹಿಡಿದೆ. ತುಟಿಗೆ ತಾಗಿ ಜಾರಿ ಕಲ್ಲಿನ ಮೇಲೆ ಬಿತ್ತು. ಅತ್ತೆಯ ಕಡೆ ನೋಡಲು ಧೈರ್ಯವಾಗಲಿಲ್ಲ. ಬೋರ್ಡಿನ ಮೇಲೆ ಲೆಕ್ಕ ಬಿಡಿಸಲು ಬಾರದಿದ್ದರೆ ಮಕ್ಕಳಿಗೆ ನಾನು ಹೇಳುವುದು ಒಂದೇ: ಚಿತ್ರ ತಿರುಗಿಸಿ ನೋಡ್ರಿ. ಆಗ ಹೊಳೆಯಿತು. ಗೌಡ ತಲೆಕೆಳಗಾಗಿದ್ದಾನೆ. ಅವನ ಮೇಲು ನನಗೆ ಕೆಳಗು. ನಾನು ನನ್ನ ಮೇಲಿನಿಂದ ತುತ್ತು ಕೊಡುತ್ತಿದ್ದೆ, ಅವನಿಗೆ ಅದು ಗಲ್ಲದ ಅಡಿಯಿಂದ ಬಂದಂತೆ, ಕಾಣುವುದೇ ಇಲ್ಲ. ವಟಾಣಿಯನ್ನು ಬೆರಳ ತುದಿಗೆ ಅಂಟುವಷ್ಟು ಮೆದುವಾಗಿ ಅರೆದೆ. ಕೈಯನ್ನು ತಳದವರೆಗೆ ಇಳಿಸಿ ಕೆಳಗಿನಿಂದ, ಅವನ ಕಣ್ಣಿನೆದುರು ಮೆಲ್ಲಗೆ ತಂದೆ. ಕಣ್ಣು ಹೊರಳಿತು. ಬಾಯಿ ತೆರೆಯಿತು. ಬೆರಳ ತುದಿಗೆ ಒಂದು ಸಣ್ಣ ಎಳೆತ.

“ತಗೊಂಡ್ಲರಿ! ತಗೊಂಡ್ನರಿ ಅತ್ತಿ!” ಎಂದು ಸ್ತ್ರೀಲಿಂಗ ಪುಲ್ಲಿಂಗ ಎರಡರಲ್ಲೂ ಕೂಗಿದೆ. ಗೌಡ ನುಂಗಿ, ಇನ್ನೊಂದು ತುತ್ತಿಗೆ ಬಾಯಿ ತೆರೆದ. ಹಿಂದಿನಿಂದ ಲೋಟ ಎತ್ತಿದ ಸದ್ದು ಬಂತು. ತಿರುಗಿ ನೋಡಿದರೆ ಅತ್ತೆ ನೀರು ಕುಡಿಯುತ್ತಿದ್ದರು, ಕಣ್ಣು ತುಂಬಿ ಗಲ್ಲದ ಮೇಲಿಂದ ಇಳಿದಿತ್ತು. ಭರತೇಶ ಅವರು ಗೋಡೆಯ ಕಡೆ ಮುಖ ಮಾಡಿ ಕ್ಯಾಲೆಂಡರು ಓದುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಗೌಡನ ಹೊಟ್ಟೆ ಸಡಿಲಾಯಿತು, ಒಂದು ಮಗ್ಗುಲಾದ. ಸಂಜೆ ದೀಪ ಹಚ್ಚಿದಾಗ ಬೆನ್ನು ಮೇಲೆ ಮಾಡಿ, ಬಾಲದ ಚುಂಗು ಬೀಸಿಕೊಂಡು, ಉಳಿದವರು ದಾರಿ ಬಿಡಲಿ ಎಂದು ನಿಂತಿದ್ದ. ನಾನು ಚಪ್ಪಾಳೆ ಹೊಡೆದೆ. ಹೈಸ್ಕೂಲಿನ ರಿಸಲ್ಟು ನೂರಕ್ಕೆ ನೂರು ಬಂದಾಗಲೂ ನಾನು ಹಾಗೆ ಹೊಡೆದವಳಲ್ಲ.

ಪರ್ವ ಮುಗಿದ ಮೇಲೆ ನಮ್ಮಲ್ಲಿ ಕ್ಷಮಾವಣಿ. ವರ್ಷದಲ್ಲಿ ತಿಳಿದೋ ತಿಳಿಯದೆಯೋ ನೋಯಿಸಿದವರ ಮುಂದೆ ಕೈಮುಗಿದು ‘ಉತ್ತಮ ಕ್ಷಮಾ’ ಎಂದು ಕ್ಷಮೆ ಕೇಳುವ ದಿನ. ಅತ್ತೆ ಮಗನನ್ನು ಕರೆದು, “ಮೊದಲ ಅಲ್ಲಿ ಕೇಳು” ಎಂದು ತೊಟ್ಟಿ ತೋರಿಸಿದರು. ಪೈಪಿನ ವ್ಯಾಪಾರಿ, ಐವತ್ತರ ಗಂಡಸು, ಮೀನಿನೆದುರು ಕೈ ಜೋಡಿಸಿ ಕ್ಷಮೆ ಕೇಳಿದ. ಗೌಡ ಗಾಜಿಗೆ ಬಂದು ಬಾಯಿ ತೆರೆದು ಮುಚ್ಚಿದ. ಚುರಮುರಿ ಕೇಳಿದನೋ, ಕ್ಷಮಿಸಿದನೋ ಗೊತ್ತಿಲ್ಲ. ಬಂದವರಿಗೆಲ್ಲ ಅತ್ತೆ, “ನಮ್ಮ ಸುಜಾತಾ ಉಳಿಸಿದ್ಲು. ನನ್ನ ಮುಂದ ಒಂದ ಮಾತ ಮುಚ್ಚಿಡಲಿಲ್ಲ” ಅಂದರು. ಮದುವೆಯಾಗಿ ಬಂದ ಮೇಲೆ ನನ್ನ ಹೆಸರು ಅವರ ಬಾಯಲ್ಲಿ ಇಷ್ಟು ಸಿಹಿಯಾಗಿ ಕೇಳಿದ್ದು ಇದೇ ಮೊದಲು. ಕೊನೆಗೆ ಎಲ್ಲರೂ ಹೋದ ಮೇಲೆ ಕುರ್ಚಿಯಲ್ಲಿ ಕೂತು, ತೊಟ್ಟಿಯನ್ನು ಬಹಳ ಹೊತ್ತು ನೋಡಿ, ಯಾವ ನಾಚಿಕೆಯೂ ಇಲ್ಲದೆ ಹೇಳಿದರು: “ಈ ಪೆಟಗಿ ಸಣ್ಣದಾತು. ದೊಡ್ಡದ ತಾ.”

ತಂದೆ. ಟ್ರ್ಯಾಲಿಯ ಸ್ಟ್ಯಾಂಡು ಕಡೆಗೂ ಸಾರ್ಥಕವಾಯಿತು. ಸುನಂದಾ ವೈನಿಯ ಬಾಯಿಂದ ಕಥೆ ಊರು ದಾಟಿ ಹೋಯಿತು. ಹೋಗುವ ದಾರಿಯಲ್ಲಿ ವಟಾಣಿ ಉದುರಿತು, ಕೆಳಗಿನಿಂದ ಕೊಟ್ಟ ತುತ್ತು ಉದುರಿತು, ಉಪವಾಸ ಮತ್ತು ಮಂತ್ರ ಉಳಿದವು. ಈಗ ಐನಾಪುರ, ಶೇಡಬಾಳ, ಆಚೆ ರಾಯಬಾಗದವರೆಗಿನ ಜನ ಸೊರಗಿದ ಮೀನನ್ನು ಡಬ್ಬಿಯಲ್ಲಿ ಹಿಡಿದು ನಮ್ಮ ಮನೆಗೆ ಬರುತ್ತಾರೆ.

ಕಳೆದ ಭಾನುವಾರ ಜುಗೂಳದಿಂದ ಗಂಡ ಹೆಂಡತಿ ಬೈಕಿನಲ್ಲಿ ಬಂದರು. ಹೆಂಡತಿಯ ಮಡಿಲಲ್ಲಿ ಪ್ಲಾಸ್ಟಿಕ್ ಬರಣಿ, ಬರಣಿಯಲ್ಲಿ ವಾಲಿಕೊಂಡ ಒಂದು ಗೋಲ್ಡ್ ಫಿಶ್. “ಆಯಿ ಅದಾರೇನ್ರಿ?” ಎಂದು ಕೇಳಿದರು. ಬಸದಿಗೆ ಹೋಗಿದ್ದಾರೆ, ಬರುವುದು ತಡ ಎಂದೆ. ಬರಣಿ ನೋಡಿದ ಕೂಡಲೇ ನನಗೆ ಕಾಯಿಲೆ ತಿಳಿದಿತ್ತು. “ತರ್ರಿ ಇಲ್ಲಿ, ನಾ ನೋಡ್ತೀನಿ. ಮೊದಲ ಮೀನ ಉಳಿಸಿದಾಕಿ ನಾನ” ಎಂದು ಕೈ ಚಾಚಿದೆ. ಹೆಂಡತಿ ಬರಣಿಯನ್ನು ಇನ್ನಷ್ಟು ಒತ್ತಿ ಹಿಡಿದುಕೊಂಡಳು. ಗಂಡ ನನ್ನನ್ನು ಮೇಲಿನಿಂದ ಕೆಳಗಿನತನಕ ನೋಡಿ, ಬಹಳ ಮರ್ಯಾದೆಯಿಂದ ಹೇಳಿದ: “ಇರ್ಲಿ ಬಿಡ್ರಿ ಬಾಯಾರ. ಆಯಿ ಬರೂತನಕ ಕುಂಡರ್ತೀವಿ. ನೀವ ನಿಮ್ಮ ಕೆಲಸ ಮಾಡ್ಕೋರಿ.”

ಚಹಾ ಮಾಡಲೇನು ಎಂದು ಕೇಳಿದೆ. ಅದಕ್ಕೆ ಮಾತ್ರ ಇಬ್ಬರೂ ನನ್ನ ಮೇಲೆ ಪೂರ್ತಿ ಭರವಸೆ ಇಟ್ಟರು.